ಪರದೆಯ ಹಿಂದಿನ ಸಂಬಳ: ಆನ್‌ಲೈನ್ ವಯಸ್ಕರ ವ್ಯವಹಾರದಲ್ಲಿ ದುಡ್ಡು ಯಾರ ಪಾಲು?

ಭದ್ರಾವತಿಯ ನ್ಯೂ ಟೌನಿನಲ್ಲಿ ಒಂದು ಕಾಲಕ್ಕೆ ಯಾರ ಸಂಬಳವೂ ಗುಟ್ಟಾಗಿರಲಿಲ್ಲ. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನ ಸಾಲಿನಲ್ಲಿ ಯಾರು ಯಾವ ಗ್ರೇಡಿನಲ್ಲಿದ್ದಾರೆ, ಬೇಸಿಕ್ ಎಷ್ಟು, ಈ ಸಲ ಡಿಎ ಎಷ್ಟು ಏರಿತು, ಸೊಸೈಟಿ ಸಾಲಕ್ಕೆ ತಿಂಗಳಿಗೆ ಎಷ್ಟು ಮುರಿಯುತ್ತಾರೆ ಎಂಬುದೆಲ್ಲ ಪಕ್ಕದ ಮನೆಗೂ ಗೊತ್ತಿರುತ್ತಿತ್ತು. ಪೇ ಸ್ಲಿಪ್ಪಿನಲ್ಲಿ ಬರುವುದೆಲ್ಲ ಒಂದು ಕಡೆ, ಹೋಗುವುದೆಲ್ಲ ಇನ್ನೊಂದು ಕಡೆ: ಪಿಎಫ್, ಕ್ಯಾಂಟೀನ್, ಸೊಸೈಟಿ, ಯೂನಿಯನ್ ವಂತಿಗೆ. ಕೊನೆಯಲ್ಲಿ ಕೈಗೆ ಸಿಗುವ ಮೊತ್ತ. ಲೆಕ್ಕ ತಪ್ಪಿದ್ದರೆ ಆಫೀಸಿಗೆ ಹೋಗಿ ಕೇಳಬಹುದಿತ್ತು, ಅಲ್ಲಿ ಬಗೆಹರಿಯದಿದ್ದರೆ ಯೂನಿಯನ್ನಿನವರು ಇದ್ದರು. 1923ರಲ್ಲಿ ಉತ್ಪಾದನೆ ಶುರುಮಾಡಿದ ಆ ಕಾರ್ಖಾನೆಯಲ್ಲಿ ಎಲ್ಲವೂ ನ್ಯಾಯವಾಗಿತ್ತು ಎಂದೇನಲ್ಲ. ಅದೇ ಗೇಟಿನೊಳಗೆ ಅದೇ ಬಿಸಿಯಲ್ಲಿ ದುಡಿಯುವ ಗುತ್ತಿಗೆ ಕಾರ್ಮಿಕನಿಗೆ ಬೇರೆಯದೇ ಲೆಕ್ಕ. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದಾಗ ಧರಣಿ ಕೂತವರು ಆ ಗುತ್ತಿಗೆಯವರೇ. ಆದರೆ ಆ ಅನ್ಯಾಯವೂ ಊರಿಗೆ ಗೊತ್ತಿದ್ದ ಅನ್ಯಾಯವಾಗಿತ್ತು. ಯಾರಿಗೆ ಎಷ್ಟು ಕಡಿಮೆ ಕೊಡುತ್ತಿದ್ದಾರೆ ಎಂದು ಬೆರಳು ಮಾಡಿ ತೋರಿಸಬಹುದಿತ್ತು.

ಆ ಕಡೆ ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು, ಈ ಕಡೆ ಉಕ್ಕಿನ ಕಾರ್ಖಾನೆ ಇದ್ದೂ ಇಲ್ಲದ ಹಾಗಿದೆ. ಓದಿದ ಮಕ್ಕಳು ಬೆಂಗಳೂರಿಗೆ ಹೋದರು; ಹೋಗಲಾಗದವರ ಕೈಯಲ್ಲಿ ಮೊಬೈಲಿದೆ. ಆ ಮೊಬೈಲಿಗೆ ಬರುವ ಜಾಹೀರಾತುಗಳಲ್ಲಿ ಒಂದು ಬಗೆ ಎಲ್ಲರಿಗೂ ಪರಿಚಿತ: ಮನೆಯಲ್ಲೇ ಕೂತು ಮಾತಾಡಿ, ನಿಮಿಷಕ್ಕೆ ಇಷ್ಟು ಸಂಪಾದಿಸಿ, ಹೆಣ್ಣುಮಕ್ಕಳಿಗೆ ಮಾತ್ರ. ಮಾತಿನಿಂದ ವಿಡಿಯೊಗೆ, ಅಲ್ಲಿಂದ ಇನ್ನೊಂದಕ್ಕೆ ಹೋಗುವ ಮೆಟ್ಟಿಲುಗಳು ಒಳಗೆ ಹೋದಮೇಲೆ ಕಾಣುತ್ತವೆ. ಈ ವ್ಯವಹಾರದ ಬಗ್ಗೆ ನಮ್ಮಲ್ಲಿ ಬರೆದದ್ದೆಲ್ಲ ಒಂದೋ ಛೀ ಎನ್ನುವ ಧಾಟಿಯದು, ಇಲ್ಲವೇ ಪೊಲೀಸ್ ಸುದ್ದಿ. ಕಾರ್ಖಾನೆ ಊರಿನವನಾದ ನನಗೆ ಕೇಳಬೇಕೆನ್ನಿಸುವುದು ಬೇರೆ: ಎಷ್ಟು ಕೊಡುತ್ತಾರೆ, ಎಷ್ಟು ಮುರಿಯುತ್ತಾರೆ, ಲೆಕ್ಕ ತಪ್ಪಿದರೆ ಕೇಳುವುದು ಯಾರನ್ನು?

ಈ ಪ್ರಶ್ನೆ ಹಿಡಿದು ಜಗತ್ತಿನಲ್ಲಿ ಗೊತ್ತಿರುವ ಲೆಕ್ಕಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಎಲ್ಲ ಕಡೆಯೂ ಒಂದೇ ಸಂಗತಿ ಎದುರಾಗುತ್ತದೆ. ಕೆಲಸ ಎಷ್ಟು ಮುಚ್ಚುಮರೆಯಲ್ಲಿ ನಡೆಯುತ್ತದೋ ದುಡಿದವರ ಪಾಲು ಅಷ್ಟು ಸಣ್ಣದಾಗುತ್ತದೆ. ಮಧ್ಯದವರು ಕ್ಯಾಮೆರಾಕ್ಕೆ, ಇಂಟರ್ನೆಟ್ಟಿಗೆ, ಕೋಣೆಗೆ ಎಂದು ಹಣ ಮುರಿಯುತ್ತಾರೆ. ನಿಜವಾಗಿ ಅವರು ವಸೂಲಿ ಮಾಡುವುದು ಇನ್ನೊಬ್ಬರ ನಾಚಿಕೆಯ ಬೆಲೆಯನ್ನು.

ಮೊದಲು ದೊಡ್ಡ ಅಂಗಡಿಯ ಲೆಕ್ಕ. ಲಂಡನ್ನಿನಲ್ಲಿ 2016ರಲ್ಲಿ ಶುರುವಾದ ಓನ್ಲಿಫ್ಯಾನ್ಸ್ ಎಂಬ ತಾಣದಲ್ಲಿ ಚಂದಾ ಕೊಟ್ಟು ಒಬ್ಬೊಬ್ಬರ ಪುಟ ನೋಡಬಹುದು. ಅಡುಗೆ ಹೇಳಿಕೊಡುವವರೂ ವ್ಯಾಯಾಮ ಕಲಿಸುವವರೂ ಅಲ್ಲಿದ್ದಾರೆ, ಆದರೆ ಹಣ ಬರುವುದು ಮುಖ್ಯವಾಗಿ ವಯಸ್ಕರ ಚಿತ್ರಗಳಿಂದ. ನೋಡುಗ ಕೊಟ್ಟದ್ದರಲ್ಲಿ ಶೇ. 80 ಪುಟದವರಿಗೆ, ಶೇ. 20 ಕಂಪನಿಗೆ. ಈ ವ್ಯವಹಾರದಲ್ಲಿ ಇಷ್ಟು ದೊಡ್ಡ ಪಾಲು ಬಿಟ್ಟುಕೊಡುವವರು ಕಡಿಮೆ. ನಿಯಮವೂ ಎಲ್ಲರಿಗೂ ಕಾಣುವಂತಿದೆ. 2024ರ ನವೆಂಬರಿಗೆ ಮುಗಿದ ವರ್ಷದಲ್ಲಿ ನೋಡುಗರು ಅಲ್ಲಿ ಸುರಿದದ್ದು ಸುಮಾರು 720 ಕೋಟಿ ಡಾಲರ್. ಪುಟ ತೆರೆದವರು 46 ಲಕ್ಷ. ಕಂಪನಿಯ ನೌಕರರು ಐವತ್ತಕ್ಕೂ ಕಡಿಮೆ. ಆ ವರ್ಷ ಮಾಲೀಕರಾಗಿದ್ದ ಲಿಯೊನಿಡ್ ರಾಡ್ವಿನ್‌ಸ್ಕಿ ಎಂಬ ಒಬ್ಬರಿಗೇ ಸಂದ ಲಾಭಾಂಶ ಸುಮಾರು 70 ಕೋಟಿ ಡಾಲರ್.

ದುಡಿದವರ ಶೇ. 80ನ್ನು 46 ಲಕ್ಷ ಜನರಿಗೆ ಸಮನಾಗಿ ಹಂಚಿದರೆ ತಲೆಗೆ ವರ್ಷಕ್ಕೆ ಸುಮಾರು 1,250 ಡಾಲರ್ ಬರುತ್ತದೆ. ನಮ್ಮ ಲೆಕ್ಕದಲ್ಲಿ ತಿಂಗಳಿಗೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸು, ಕರ್ನಾಟಕದಲ್ಲಿ ಬಹುತೇಕ ಕೆಲಸಗಳಿಗೆ ಸರ್ಕಾರ ಗೊತ್ತುಮಾಡಿರುವ ಕನಿಷ್ಠ ವೇತನಕ್ಕಿಂತ ಕಡಿಮೆ. ಅದೂ ಸಮನಾಗಿ ಹಂಚಿದರೆ ತಾನೆ! ಹಂಚಿಕೆ ಸಮನಾಗಿಲ್ಲ. 2020ರಲ್ಲಿ ಥಾಮಸ್ ಹಾಲೆಂಡ್ಸ್ ಎಂಬವರು ಈ ತಾಣದ ಗಳಿಕೆಯನ್ನು ಅಂದಾಜು ಮಾಡಿ ಬರೆದ ಲೇಖನ ಬಹಳ ಚರ್ಚೆಯಾಯಿತು. ಮೇಲಿನ ಶೇ. 1 ಖಾತೆಗಳು ಒಟ್ಟು ಹಣದ ಮೂರನೇ ಒಂದು ಪಾಲನ್ನು ಬಾಚುತ್ತವೆ, ಮೇಲಿನ ಶೇ. 10 ಖಾತೆಗಳಿಗೆ ಮುಕ್ಕಾಲು ಭಾಗದ ಹತ್ತಿರ ಹೋಗುತ್ತದೆ, ನಟ್ಟನಡುವಿನ ಖಾತೆಗೆ ತಿಂಗಳಿಗೆ 180 ಡಾಲರ್ ಎಂದು ಅವರು ಲೆಕ್ಕ ಕಟ್ಟಿದ್ದರು. ಅಂದಿನಿಂದ ಖಾತೆಗಳ ಸಂಖ್ಯೆ ಹಲವು ಪಟ್ಟಾಗಿದೆ. ಹೊಸಬರು ಸೇರಿದಷ್ಟೂ ಬುಡದಲ್ಲಿ ಜನ ಹೆಚ್ಚುತ್ತಾರೆ. ತುದಿಯಲ್ಲಿ ಜಾಗ ಹೆಚ್ಚುವುದಿಲ್ಲ.

ತುದಿಯಲ್ಲಿರುವವರು ಯಾರು? ಮೊದಲೇ ಹೆಸರಿದ್ದವರು. ಸಿನಿಮಾದಿಂದ, ಟಿವಿಯಿಂದ, ಇನ್‌ಸ್ಟಾಗ್ರಾಮಿನಿಂದ ಲಕ್ಷಾಂತರ ಹಿಂಬಾಲಕರನ್ನು ಕಟ್ಟಿಕೊಂಡು ಬಂದವರು. ಈ ತಾಣ ಹೊಸಬರನ್ನು ನೋಡುಗರಿಗೆ ತಾನಾಗಿ ತೋರಿಸುವುದು ತೀರ ಕಡಿಮೆ, ಗಿರಾಕಿಯನ್ನು ಹೊರಗಿನಿಂದ ನೀವೇ ಕರೆತರಬೇಕು. ಸಿನಿಮಾ ನಟಿಯ ಒಂದು ತಿಂಗಳ ಗಳಿಕೆಯ ಸುದ್ದಿ ಓದಿ ಪುಟ ತೆರೆಯುವ ಹುಡುಗಿಗೆ ಇದನ್ನು ಯಾರೂ ಹೇಳುವುದಿಲ್ಲ.

ಹೆಸರಿದ್ದವರಿಗೂ ಒಬ್ಬರೇ ಎಲ್ಲ ಮಾಡಲಾಗುವುದಿಲ್ಲ. ಅಲ್ಲಿ ಏಜೆನ್ಸಿಗಳು ಬರುತ್ತವೆ, ಶೇ. 30ರಿಂದ 50ರವರೆಗೆ ಕಮಿಷನ್ ಮುರಿಯುತ್ತವೆ. ಏಜೆನ್ಸಿಯ ಕೆಳಗೆ ಇನ್ನೊಂದು ಪಂಗಡವಿದೆ, ಇವರನ್ನು ಈ ಉದ್ಯೋಗದಲ್ಲಿ ಚಾಟರ್‌ಗಳೆನ್ನುತ್ತಾರೆ. ನೋಡುಗ ತಾನು ಪುಟದ ಒಡತಿಯೊಡನೆಯೇ ಮಾತಾಡುತ್ತಿದ್ದೇನೆಂದು ನಂಬಿ ಸಂದೇಶಕ್ಕೆ ಇಷ್ಟೆಂದು ಹಣ ಕೊಡುತ್ತಿರುತ್ತಾನೆ. ಉತ್ತರ ಟೈಪಿಸುವವನು ಫಿಲಿಪ್ಪೀನ್ಸಿನಲ್ಲೋ ಇನ್ನೊಂದು ಬಡ ದೇಶದಲ್ಲೋ ಪಾಳಿಯಲ್ಲಿ ಕೂತ ಹುಡುಗ, ಗಂಟೆಗೆ ಕೆಲವೇ ಡಾಲರ್ ಅವನ ಕೂಲಿ. ರಾಯಿಟರ್ಸ್ ಸುದ್ದಿಸಂಸ್ಥೆ 2024ರಲ್ಲಿ ಇದನ್ನು ವಿವರವಾಗಿ ವರದಿ ಮಾಡಿತು, ಮೋಸಹೋದೆವೆಂದು ಚಂದಾದಾರರು ಅಮೆರಿಕದಲ್ಲಿ ಮೊಕದ್ದಮೆಯನ್ನೂ ಹೂಡಿದರು. ನೋಡುಗನ ದೂರು ಕೋರ್ಟಿನವರೆಗೆ ಹೋಯಿತು. ಬೇರೊಬ್ಬರ ಹೆಸರಿನಲ್ಲಿ ಇಡೀ ರಾತ್ರಿ ಪ್ರೇಮದ ಮಾತು ಟೈಪಿಸಿ, ಒಂದೊಂದು ಮಾತಿಗೂ ಬರುವ ಹಣವನ್ನು ತೆರೆಯ ಮೇಲೆ ನೋಡುತ್ತ, ಅದರಲ್ಲಿ ನೂರರಲ್ಲೊಂದೋ ಎರಡೋ ಪಾಲು ತನ್ನದೆಂದು ಲೆಕ್ಕ ಹಾಕುವವನ ದೂರು ಎಲ್ಲೂ ಹೋಗಿಲ್ಲ.

ಇನ್ನು ವೆಬ್‌ಕ್ಯಾಮ್. ನೇರ ಪ್ರಸಾರ, ನೋಡುಗರು ಟೋಕನ್ ಕೊಂಡು ಬಕ್ಷೀಸಿನಂತೆ ಹಾಕುತ್ತಾರೆ. ಚಾಟರ್‌ಬೇಟ್ ಎಂಬ ತಾಣದಲ್ಲಿ ನೂರು ಟೋಕನ್ನಿಗೆ ನೋಡುಗ ಹನ್ನೊಂದು ಡಾಲರಿನಷ್ಟು ಕೊಟ್ಟರೆ, ಕ್ಯಾಮೆರಾದ ಮುಂದಿರುವವರಿಗೆ ಟೋಕನ್ನಿಗೆ 5 ಸೆಂಟಿನಂತೆ ಐದು ಡಾಲರ್. ಅರ್ಧಕ್ಕಿಂತ ಕಡಿಮೆ. ಸ್ವಂತ ಮನೆ, ಸ್ವಂತ ಕಂಪ್ಯೂಟರ್, ಸ್ವಂತ ಬ್ಯಾಂಕ್ ಖಾತೆ ಇದ್ದವರ ಲೆಕ್ಕ ಇದು. ಇವು ಯಾವುವೂ ಇಲ್ಲದವರಿಗೆ ಸ್ಟುಡಿಯೊ. ಕೊಲಂಬಿಯಾ ದೇಶ ಈ ಸ್ಟುಡಿಯೊಗಳ ದೊಡ್ಡ ಕೇಂದ್ರ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2024ರ ಡಿಸೆಂಬರಿನಲ್ಲಿ ಅಲ್ಲಿನ ಸ್ಥಿತಿಯ ಬಗ್ಗೆ ವರದಿ ಪ್ರಕಟಿಸಿತು. ಅದರ ಪ್ರಕಾರ ನೋಡುಗ ಕೊಟ್ಟ ಹಣದಲ್ಲಿ ತಾಣಗಳು ಶೇ. 50ರಿಂದ 65ರಷ್ಟು ಇಟ್ಟುಕೊಳ್ಳುತ್ತವೆ; ಉಳಿದದ್ದರಲ್ಲಿ ಸ್ಟುಡಿಯೊಗಳು ಶೇ. 70ರವರೆಗೂ ಮುರಿಯುತ್ತವೆ. ನೂರು ಡಾಲರ್ ಹಿಡಿದು ಈ ದಾರಿಯಲ್ಲಿ ನಡೆದು ನೋಡಿ: ತಾಣ 50 ತೆಗೆದರೆ ಸ್ಟುಡಿಯೊ 35 ತೆಗೆಯುತ್ತದೆ, ಉಳಿಯುವುದು 15. ತಾಣ 65 ತೆಗೆದರೆ ಕೊನೆಗೆ ಕೈಗೆ ಬರುವುದು ಹತ್ತೂವರೆ. ಇದರ ಮೇಲೆ ಕಿಷ್ಕಿಂಧೆಯಂಥ, ಗಲೀಜು ಕೋಣೆ, ಬಿಡುವಿಲ್ಲದ ಪಾಳಿ. ಖಾತೆ ಸ್ಟುಡಿಯೊದ ಕೈಯಲ್ಲಿ ಇರುವುದರಿಂದ ಎಷ್ಟು ಬಂತೆಂಬ ನಿಜವಾದ ಲೆಕ್ಕ ದುಡಿದವಳ ಕಣ್ಣಿಗೆ ಬೀಳುವುದೇ ಇಲ್ಲ.

ಕೊಲಂಬಿಯಾ ದೂರವಾಯಿತೆನ್ನಿಸಿದರೆ ನೊಯ್ಡಾಕ್ಕೆ ಬನ್ನಿ. 2025ರ ಮಾರ್ಚ್ ಕೊನೆಯಲ್ಲಿ ಜಾರಿ ನಿರ್ದೇಶನಾಲಯ ಅಲ್ಲಿನ ಒಂದು ಮನೆಯ ಮೇಲೆ ದಾಳಿ ಮಾಡಿತು. ಗಂಡ ಹೆಂಡತಿ ಇಬ್ಬರು ಅಲ್ಲಿಂದ ನಡೆಸುತ್ತಿದ್ದ ಕಂಪನಿ ಸೈಪ್ರಸ್ ದೇಶದ ಒಂದು ವಯಸ್ಕರ ವೆಬ್‌ಕ್ಯಾಮ್ ಕಂಪನಿಗೆ ಇಲ್ಲಿಂದ ಪ್ರಸಾರ ಒದಗಿಸುತ್ತಿತ್ತು ಎಂಬುದು ಆರೋಪ. ಹೊರದೇಶದಿಂದ ಬಂದದ್ದೆಂದು ನಿರ್ದೇಶನಾಲಯ ಹೇಳಿದ ಮೊತ್ತ 15 ಕೋಟಿ ರೂಪಾಯಿಗೂ ಹೆಚ್ಚು. ಮಾಡೆಲಿಂಗ್ ಕೆಲಸವೆಂದು ಸಾಮಾಜಿಕ ಜಾಲತಾಣದಲ್ಲಿ ಜಾಹೀರಾತು ಕೊಟ್ಟು ಹುಡುಗಿಯರನ್ನು ಕರೆಸುತ್ತಿದ್ದರು, ಬಂದ ಹಣದಲ್ಲಿ ಶೇ. 75 ತಾವಿಟ್ಟುಕೊಂಡು ಶೇ. 25 ಅವರಿಗೆ ಕೊಡುತ್ತಿದ್ದರು ಎಂದು ಅದು ತಿಳಿಸಿತು. ಹಣ ಬ್ಯಾಂಕಿಗೆ ಬರುವಾಗ ಹೇಳುತ್ತಿದ್ದ ಕಾರಣ ಜಾಹೀರಾತು, ಮಾರುಕಟ್ಟೆ ಸಂಶೋಧನೆ.

ಆ ಕೊನೆಯ ವಿವರದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ವಿದೇಶದಿಂದ ಹಣ ತರಿಸಲು ಯಾತಕ್ಕೆ ಬಂತೆಂದು ಬ್ಯಾಂಕಿಗೆ ಹೇಳಬೇಕು. ಈ ಕೆಲಸದ ಹೆಸರು ಹೇಳುವ ಹಾಗಿಲ್ಲ. ಒಬ್ಬಳೇ ಹುಡುಗಿ ಕಂಪನಿ ಕಟ್ಟಿ, ಜಿಎಸ್‌ಟಿ ಮಾಡಿಸಿ, ಸುಳ್ಳು ಕಾರಣ ಬರೆದು ದಕ್ಕಿಸಿಕೊಳ್ಳಲಾರಳು. ಹಾಗಾಗಿ ಆ ಮುಕ್ಕಾಲು ಪಾಲಿನ ಬಹುಭಾಗ ಮರೆಮಾಚುವ ಕೂಲಿ. ಕಾನೂನು ಎಷ್ಟು ಬಿಗಿಯಾಗುತ್ತದೋ ಮರೆಮಾಚುವವನ ಕೂಲಿ ಅಷ್ಟು ಏರುತ್ತದೆ, ಏರಿದ್ದೆಲ್ಲ ಹುಡುಗಿಯ ಪಾಲಿನಿಂದಲೇ ಹೋಗುತ್ತದೆ.

ನೇರ ಪ್ರಸಾರದ ಈ ಲೋಕದಲ್ಲಿ ಮೈಬಣ್ಣಕ್ಕೂ ದರವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಆಂಜೆಲಾ ಜೋನ್ಸ್ ವೆಬ್‌ಕ್ಯಾಮ್ ದುಡಿಮೆಯ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿ 2020ರಲ್ಲಿ ಪುಸ್ತಕ ಪ್ರಕಟಿಸಿದವರು. ಯಾರನ್ನು ಪುಟದ ಮೇಲ್ಭಾಗದಲ್ಲಿ ತೋರಿಸಬೇಕೆಂದು ತಾಣಗಳು ಅಂಕ ಕೊಡುತ್ತವೆ, ಆ ಅಂಕಗಳಲ್ಲಿ ಕಪ್ಪು ಮಹಿಳೆಯರು ಕೆಳಗುಳಿಯುತ್ತಾರೆ, ಕೆಳಗುಳಿದವರನ್ನು ನೋಡಲು ಯಾರೂ ಬರುವುದಿಲ್ಲ ಎಂಬುದನ್ನು ಅವರು ಅಂಕಿಗಳ ಸಮೇತ ತೋರಿಸಿದ್ದಾರೆ. ಹೆಣ್ಣು ಗಂಡಿಗಿಂತ ಹೆಚ್ಚು ಸಂಪಾದಿಸುವ ಕೆಲವೇ ಉದ್ಯೋಗಗಳಲ್ಲಿ ಇದೊಂದು ಎಂಬ ಮಾತನ್ನೂ ಆಗಾಗ ಕೇಳುತ್ತೇವೆ. ಕ್ಯಾಮೆರಾದ ಮುಂದಿನವರನ್ನಷ್ಟೇ ಎಣಿಸಿದರೆ ಅದು ನಿಜ. ತಾಣದ ಮಾಲೀಕರು, ಏಜೆನ್ಸಿಯವರು, ಸ್ಟುಡಿಯೊದವರು ಎಲ್ಲರನ್ನೂ ಸೇರಿಸಿ ಎಣಿಸಿದರೆ ಚಿತ್ರ ಮಗುಚಿಬೀಳುತ್ತದೆ.

ಪುಕ್ಕಟೆ ತಾಣಗಳ ಕಥೆ ಇನ್ನೂ ಹಳೆಯದು. 2006-07ರ ಹೊತ್ತಿಗೆ ಯೂಟ್ಯೂಬ್ ಮಾದರಿಯ ವಯಸ್ಕರ ತಾಣಗಳು ಬಂದವು. ಯಾರು ಬೇಕಾದರೂ ಯಾರದ್ದು ಬೇಕಾದರೂ ವಿಡಿಯೊ ಏರಿಸಬಹುದಿತ್ತು. ನಟಿಸಿದವರಿಗೆ ಅದರಿಂದ ಬಿಡಿಗಾಸಿಲ್ಲ, ಜಾಹೀರಾತಿನ ಹಣವೆಲ್ಲ ತಾಣಕ್ಕೆ. ಒಪ್ಪಿಗೆ ಇಲ್ಲದೆ ತೆಗೆದ ವಿಡಿಯೊ, ಹಳೆಯ ಪ್ರಿಯಕರ ಸೇಡಿಗೆ ಹಾಕಿದ ವಿಡಿಯೊ, ಮಕ್ಕಳನ್ನು ಹಿಂಸಿಸಿದ ವಿಡಿಯೊ ಕೂಡ ಅಲ್ಲಿ ಹರಿದಾಡಿದವು. ಅವನ್ನು ದುಡಿಮೆ ಎಂದು ಕರೆಯುವುದೇ ಪಾಪ, ಅವು ಅಪರಾಧಗಳು. 2020ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಇಂಥ ವಿಡಿಯೊಗಳ ಬಗ್ಗೆ ಲೇಖನ ಬಂದ ನಂತರ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಪೋರ್ನ್‌ಹಬ್ ತಾಣದಲ್ಲಿ ತಮ್ಮ ಕಾರ್ಡ್ ನಡೆಯದಂತೆ ಮಾಡಿದವು. ಕಾರಣ ನ್ಯಾಯವಾದದ್ದೇ. ಆದರೆ ಗುರುತಿನ ಚೀಟಿ ಕೊಟ್ಟು, ಒಪ್ಪಿ, ಸ್ವಂತ ವಿಡಿಯೊ ಮಾರಿ ಬದುಕುತ್ತಿದ್ದವರ ಆದಾಯಕ್ಕೂ ಅದರಿಂದ ಪೆಟ್ಟು ಬಿತ್ತು; ತಾಣಕ್ಕೆ ಜಾಹೀರಾತಿನ ದಾರಿ ಉಳಿದೇ ಇತ್ತು. 2021ರ ಆಗಸ್ಟಿನಲ್ಲಿ ಓನ್ಲಿಫ್ಯಾನ್ಸ್ ಕೂಡ ಬ್ಯಾಂಕುಗಳ ಒತ್ತಡದಿಂದ ಲೈಂಗಿಕ ಕ್ರಿಯೆಯ ದೃಶ್ಯಗಳನ್ನು ನಿಲ್ಲಿಸುತ್ತೇನೆಂದು ಘೋಷಿಸಿ, ಒಂದೇ ವಾರದಲ್ಲಿ ಮಾತು ಹಿಂತೆಗೆದುಕೊಂಡಿತು. ಲಕ್ಷಾಂತರ ಜನರ ತಿಂಗಳ ಅನ್ನದ ತೀರ್ಮಾನ ಅವರನ್ನು ಒಂದು ಮಾತೂ ಕೇಳದೆ ಹೀಗೆ ಆ ಕಡೆ ಈ ಕಡೆ ಓಲಾಡಿತು.

ನಮ್ಮ ಕಡೆಯ ಚರಿತ್ರೆ ಥಿಯೇಟರಿನಿಂದ ಶುರುವಾಗುತ್ತದೆ. ಈ ಶತಮಾನದ ಆರಂಭದಲ್ಲಿ ಕೇರಳದಿಂದ ಬಂದ ವಯಸ್ಕರ ಚಿತ್ರಗಳ ಅಲೆಯನ್ನು ಶಿವಮೊಗ್ಗ, ಭದ್ರಾವತಿಯ ಮಧ್ಯವಯಸ್ಕರಿಗೆ ನೆನಪಿಸಬೇಕಿಲ್ಲ. ಶಕೀಲಾ ನಟಿಸಿದ ‘ಕಿನ್ನಾರ ತುಂಬಿಗಳ್’ 2000ದಲ್ಲಿ ತೆರೆಕಂಡಿತು. ಕೆಲವು ಲಕ್ಷದಲ್ಲಿ ತಯಾರಾಗಿ ಕೋಟಿಗಳಲ್ಲಿ ಗಳಿಸಿತೆಂದು ಪತ್ರಿಕೆಗಳು ಬರೆದವು. ಆ ಅಲೆ ಎಷ್ಟೋ ಸಣ್ಣ ಥಿಯೇಟರುಗಳ ಬಾಗಿಲು ಮುಚ್ಚದಂತೆ ನೋಡಿಕೊಂಡಿತು. ಶಕೀಲಾ ಅವರಿಗೆ ಸಿಗುತ್ತಿದ್ದದ್ದು ದಿನಕ್ಕಿಷ್ಟು ಎಂಬ ಲೆಕ್ಕದ ಸಂಭಾವನೆ, ಗಲ್ಲಾಪೆಟ್ಟಿಗೆಯಲ್ಲಿ ಪಾಲಿಲ್ಲ. ಒಂದು ಚಿತ್ರಕ್ಕೆ ತೆಗೆದ ದೃಶ್ಯಗಳನ್ನು ಇನ್ನೊಂದಕ್ಕೆ ಅಂಟಿಸಿದರು, ಬೇರೆಯವರ ದೇಹ ತೋರಿಸಿ ತನ್ನ ಮುಖ ಸೇರಿಸಿದರು ಎಂದು ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಕೆಲಸ ಮರೆಯಲ್ಲಿ ನಡೆಯುತ್ತಿದ್ದುದರಿಂದ ಕರಾರು ಕೇಳುವ ಬಾಯಿ ಇರಲಿಲ್ಲ. ದರ್ಶನಾ ಶ್ರೀಧರ್ ಮಿನಿ ಅವರ 2024ರ ಇಂಗ್ಲಿಷ್ ಪುಸ್ತಕ ಆ ಚಿತ್ರೋದ್ಯಮದ ಒಳಗಿನ ಬದುಕನ್ನು ಚೆನ್ನಾಗಿ ದಾಖಲಿಸಿದೆ. ಕನ್ನಡಕ್ಕೆ ಯಾರಾದರೂ ತರಬೇಕು.

ಆ ಥಿಯೇಟರಿನ ಮುಂದುವರಿಕೆಯೇ ವಯಸ್ಕರ ಓಟಿಟಿ ಆ್ಯಪ್‌ಗಳು. ಇವುಗಳಲ್ಲಿ ಹೆಸರಾದ ಉಲ್ಲು ಕಂಪನಿ 2024ರ ಫೆಬ್ರುವರಿಯಲ್ಲಿ ಶೇರು ಮಾರುಕಟ್ಟೆಗೆ ಬರಲು ಅರ್ಜಿ ಹಾಕಿದಾಗ ಅದರ ಲೆಕ್ಕ ಎಲ್ಲರಿಗೂ ಕಾಣಿಸಿತು: 2022-23ರ ಆದಾಯ ಸುಮಾರು 93 ಕೋಟಿ ರೂಪಾಯಿ, ಲಾಭ ಸುಮಾರು 15 ಕೋಟಿ. ಇಂಥ ಸರಣಿಗಳಲ್ಲಿ ನಟಿಸುವವರಿಗೆ ಸಾಮಾನ್ಯವಾಗಿ ದಿನದ ಲೆಕ್ಕ. ಎಷ್ಟು ಲಕ್ಷ ಜನ ನೋಡಿದರೂ ಅದೇ ದುಡ್ಡು. 2022ರಲ್ಲಿ ತಿರುವನಂತಪುರದ ಯುವಕನೊಬ್ಬ ಇನ್ನೊಂದು ಆ್ಯಪಿನ ಮೇಲೆ ಪೊಲೀಸರಿಗೆ ದೂರು ಕೊಟ್ಟ: ಸಾಧಾರಣ ಸರಣಿಯೆಂದು ಕರೆಸಿ, ಸಹಿ ಹಾಕಿಸಿಕೊಂಡ ಕರಾರು ತೋರಿಸಿ ಹೆದರಿಸಿ ಅಶ್ಲೀಲ ದೃಶ್ಯದಲ್ಲಿ ನಟಿಸುವಂತೆ ಮಾಡಿದರು ಎಂದು. ದುಡಿದವನ ಕೈಯಲ್ಲಿ ಯಾವತ್ತೂ ಆಯುಧವಾಗದ ಕರಾರು ದುಡಿಸಿಕೊಂಡವನ ಕೈಯಲ್ಲಿ ಹೀಗೆ ದೊಣ್ಣೆಯಾಗುತ್ತದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಂಥ 18 ಓಟಿಟಿಗಳನ್ನು, 2025ರ ಜುಲೈಯಲ್ಲಿ ಉಲ್ಲು ಸೇರಿದಂತೆ 25 ಆ್ಯಪ್ ಮತ್ತು ತಾಣಗಳನ್ನು ನಿರ್ಬಂಧಿಸಿತು. ಒಂದು ಕಾರ್ಖಾನೆ ಮುಚ್ಚಿದರೆ ಬಾಕಿ ಸಂಬಳ ಯಾರು ಕೊಡಬೇಕೆಂದು ಕಾನೂನಿದೆ. ಈ ಆ್ಯಪ್‌ಗಳ ಚಿತ್ರೀಕರಣದಲ್ಲಿ ಬೆಳಕು ಹಿಡಿದವರು, ಮೇಕಪ್ ಮಾಡಿದವರು, ಎಡಿಟ್ ಮಾಡಿದವರು, ನಟಿಸಿದವರು ತಮ್ಮ ಬಾಕಿಗೆ ಯಾವ ಬಾಗಿಲು ಬಡಿಯಬೇಕು?

ಕಾನೂನಿನ ಮಾತು ಇಲ್ಲಿಗೆ ಬರಲೇಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನಂತೆ ಲೈಂಗಿಕ ಕ್ರಿಯೆಯ ಚಿತ್ರಗಳನ್ನು ಪ್ರಕಟಿಸಿದರೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಕಾಯ್ದೆ ಕಂಪನಿಯೆಂದೂ ಕೂಲಿಯವಳೆಂದೂ ಭೇದ ಮಾಡುವುದಿಲ್ಲ. 1872ರ ಕರಾರು ಕಾಯ್ದೆಯ 23ನೇ ಕಲಮಿನಂತೆ ಕಾನೂನುಬಾಹಿರ ಕೆಲಸದ ಕರಾರಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಎರಡನ್ನೂ ಜೋಡಿಸಿ ನೋಡಿ. ಸ್ಟುಡಿಯೊದವನು ಶೇ. 25 ಕೊಡುತ್ತೇನೆಂದು ಹೇಳಿ ಹತ್ತು ಕೊಟ್ಟರೆ ಆಕೆ ಎಲ್ಲಿ ದೂರು ಕೊಟ್ಟರೂ ಮೊದಲು ತಾನೇ ಆರೋಪಿಯಾಗುತ್ತಾಳೆ. ಇದು ಅವನಿಗೆ ಗೊತ್ತು, ಅವಳಿಗೂ ಗೊತ್ತು. ಹಂಚಿಕೆಯ ಪರ್ಸೆಂಟೇಜ್ ನಿಗದಿಯಾಗುವುದು ಈ ಗೊತ್ತಿನ ಮೇಲೆ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಒಂದು ಅನುಭವ ಇದೆ. ನಾನು ಬಹಳ ಬೆಲೆ ಕೊಡುವ ಅನುಭವ ಅದು. ಸರ್ಕಾರಿ ಕಾಗದಗಳು ದಮನಿತ ಮಹಿಳೆಯರೆಂದು ಕರೆಯುವ ಲೈಂಗಿಕ ಕಾರ್ಯಕರ್ತೆಯರ ಗಳಿಕೆ ಹಿಂದೆ ಹೇಗೆ ಹಂಚಿಹೋಗುತ್ತಿತ್ತು? ಗಿರಾಕಿ ಕರೆತಂದ ಆಟೋದವನಿಗೆ, ಲಾಡ್ಜಿನ ಹುಡುಗನಿಗೆ, ರಸ್ತೆಯ ರೌಡಿಗೆ, ಖಾಕಿಗೆ, ಮನೆ ನಡೆಸುವವಳಿಗೆ, ಉಳಿದದ್ದು ಅವಳಿಗೆ. ಮೈಸೂರಿನಲ್ಲಿ ಎಚ್‌ಐವಿ ತಡೆ ಕಾರ್ಯಕ್ರಮದ ಜೊತೆ ಬೆಳೆದು 2005ರಲ್ಲಿ ರೂಪುಗೊಂಡ ಆಶೋದಯ ಸಮಿತಿಯನ್ನು ಈ ಮಹಿಳೆಯರೇ ಕಟ್ಟಿದರು, ಅವರೇ ನಡೆಸಿದರು. ಯಾರಿಗಾದರೂ ಹೊಡೆತ ಬಿದ್ದರೆ, ಯಾರನ್ನಾದರೂ ಠಾಣೆಗೆ ಎಳೆದೊಯ್ದರೆ ರಾತ್ರಿಯೆನ್ನದೆ ಓಡಿಹೋಗುವ ತಂಡ ಮಾಡಿಕೊಂಡರು. ಬ್ಯಾಂಕ್ ಖಾತೆ, ರೇಷನ್ ಕಾರ್ಡು, ಉಳಿತಾಯಕ್ಕೆ ಗಮನ ಕೊಟ್ಟರು, ಒಂದು ಹೋಟೆಲನ್ನೂ ನಡೆಸಿದರು. ಬೆಂಗಳೂರಿನಲ್ಲಿ ಕರ್ನಾಟಕ ಸೆಕ್ಸ್ ವರ್ಕರ್ಸ್ ಯೂನಿಯನ್ ಹುಟ್ಟಿತು. ಕೋಲ್ಕತ್ತದಲ್ಲಿ ಇದಕ್ಕೂ ಮೊದಲು, 1995ರಲ್ಲಿ, ಉಷಾ ಸಹಕಾರ ಸಂಘ ನೋಂದಣಿಯಾಗಿತ್ತು. ಗೃಹಿಣಿಯರೆಂದು ಬರೆದುಕೊಳ್ಳಿ, ನೋಂದಣಿ ಸುಲಭವಾಗುತ್ತದೆ ಎಂಬ ಸಲಹೆಯನ್ನು ಅಲ್ಲಿನ ಮಹಿಳೆಯರು ತಳ್ಳಿಹಾಕಿ, ತಮ್ಮ ಕಸುಬನ್ನೇ ಬರೆಸಿ ಸಂಘ ಕಟ್ಟಿದರು. ಸಾಲಕ್ಕಾಗಿ ಮನೆ ನಡೆಸುವವಳ ಕಾಲು ಹಿಡಿಯುವುದು ಅದರಿಂದ ತಪ್ಪಿತು.

ಈ ಯಾವುದೂ ಕಸುಬನ್ನು ಹೊಗಳುವುದಕ್ಕೆ ಹುಟ್ಟಿದ್ದಲ್ಲ. ಹೊಡೆತ ಕಡಿಮೆಯಾಗಲಿ, ದುಡಿದ ಹಣ ಮನೆಗೆ ಬರಲಿ, ಮಕ್ಕಳು ಓದಲಿ ಎಂಬಷ್ಟೇ ಆಸೆ. ಒಟ್ಟಾಗಿ ಬೆಳಕಿಗೆ ಬಂದಾಗ ಮಧ್ಯದವರ ಪಾಲು ಕರಗುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಈ ಮಹಿಳೆಯರಿಗೂ ಘನತೆಯ ಬದುಕಿನ ಹಕ್ಕಿದೆ, ಅವರ ಮೇಲಿನ ಹಲ್ಲೆಯ ದೂರನ್ನು ಪೊಲೀಸರು ಉಳಿದವರದರಂತೆಯೇ ತೆಗೆದುಕೊಳ್ಳಬೇಕು, ವಿಳಾಸದ ದಾಖಲೆ ಇಲ್ಲದಿದ್ದರೂ ಆಧಾರ್ ಕೊಡಬೇಕು ಎಂದು ನಿರ್ದೇಶಿಸಿದ್ದರ ಹಿಂದೆ ದಶಕಗಳ ಈ ಸಂಘಟನೆಯಿದೆ. ಹಾಗಿದ್ದೂ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 4ನೇ ಕಲಮು ಉಳಿದೇ ಇದೆ: ಆಕೆಯ ಗಳಿಕೆಯಲ್ಲಿ ಬದುಕುವ 18 ದಾಟಿದ ಯಾರೇ ಆದರೂ ಅಪರಾಧಿ. ಮುದಿ ತಾಯಿ, ಕಾಲೇಜಿಗೆ ಹೋಗುವ ಮಗನೂ ಆ ಮಾತಿನೊಳಗೆ ಬರಬಹುದು.

ಮೊಬೈಲ್ ಬಂದಮೇಲೆ ಬೀದಿಯಲ್ಲಿ ನಿಲ್ಲುವುದು ಕಡಿಮೆಯಾಯಿತು, ಗಿರಾಕಿಯನ್ನು ಫೋನಿನಲ್ಲೇ ಗೊತ್ತುಮಾಡಿಕೊಳ್ಳಬಹುದಾಯಿತು. ಆಟೋದವನಿಗೆ ಹೋಗುತ್ತಿದ್ದ ಪಾಲು ಅವಳ ಕೈಯಲ್ಲೇ ಉಳಿಯಿತು ನಿಜ. ಆದರೆ ಒಬ್ಬರನ್ನೊಬ್ಬರು ಕಾಣುತ್ತಿದ್ದ ಜಾಗವೂ ಹೋಯಿತು. ಸಂಘ ಹುಟ್ಟಿದ್ದು ಬಸ್ ಸ್ಟ್ಯಾಂಡಿನಲ್ಲಿ, ಒಂದೇ ಮರದ ಕೆಳಗೆ ನಿಲ್ಲುತ್ತಿದ್ದವರ ನಡುವೆ. ಮುಚ್ಚಿದ ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಕೂತವಳಿಗೆ ಇನ್ನೊಬ್ಬಳು ಎಲ್ಲಿ ಕೂತಿದ್ದಾಳೆಂದೇ ಗೊತ್ತಿಲ್ಲ. ತನ್ನ ಪರ್ಸೆಂಟೇಜ್ ಹೆಚ್ಚೋ ಕಡಿಮೆಯೋ ಎಂದು ಹೋಲಿಸಿ ನೋಡಲು ಪಕ್ಕದ ಮನೆಯಿಲ್ಲ.

ಇಷ್ಟೆಲ್ಲ ಕೊಳಕಿನಲ್ಲಿ ಕೂಲಿಯ ನ್ಯಾಯ ಹುಡುಕುವುದೇಕೆ, ಇಡೀ ವ್ಯವಹಾರವನ್ನೇ ಬಂದ್ ಮಾಡಿದರಾಯಿತಲ್ಲ ಎಂದು ನಮ್ಮ ಹಿರಿಯರು ಕೇಳುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಮಕ್ಕಳನ್ನು, ಬಲವಂತಕ್ಕೆ ಸಿಕ್ಕವರನ್ನು ಈ ಕೂಪದಿಂದ ಎತ್ತಲು ಪೊಲೀಸರು ಬೇಕೇ ಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ನಿರ್ಬಂಧದ ಇಷ್ಟು ವರ್ಷಗಳಲ್ಲಿ ನೋಡುಗರು ಕಡಿಮೆಯಾದಂತೆ ಕಾಣುವುದಿಲ್ಲ, ತಾಣಗಳು ಹೊಸ ಹೆಸರಿನಲ್ಲಿ ಮರುದಿನವೇ ತೆರೆಯುತ್ತವೆ. ಬದಲಾಗುವುದು ದುಡಿಯುವವರ ಪಾಲು ಮಾತ್ರ, ಅದೂ ಕೆಳಮುಖವಾಗಿ. ಕೊನೆಯ ಪಕ್ಷ ಕಾನೂನು ದುಡಿಸುವವನನ್ನೂ ದುಡಿಯುವವಳನ್ನೂ ಬೇರೆ ಮಾಡಿ ನೋಡಲಿ. ಬಾಕಿ ಹಣಕ್ಕೆ, ಬಲವಂತಕ್ಕೆ ದೂರು ಕೊಡಲು ಬಂದವಳ ಮೇಲೆ ಅದೇ ದೂರಿನ ಆಧಾರದಲ್ಲಿ ಕೇಸು ಹಾಕದಿರುವ ಭರವಸೆಯಾದರೂ ಸಿಗಲಿ.

ಅಲ್ಲಿಯವರೆಗೆ ಕಾಯದೆ ಇಂದೇ ಮಾಡಬಹುದಾದ ಒಂದು ಕೆಲಸ ನಮ್ಮ ರಾಜ್ಯದ ಕೈಯಲ್ಲಿದೆ. ಕರ್ನಾಟಕದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ 2025ರಲ್ಲಿ ಜಾರಿಗೆ ಬಂತು. ಸ್ವಿಗ್ಗಿ, ಊಬರ್ ಹುಡುಗರ ಕಾಯ್ದೆಯೆಂದೇ ಎಲ್ಲರೂ ತಿಳಿದಿದ್ದಾರೆ. ಅದರ ಅನುಸೂಚಿಯಲ್ಲಿ ಕಂಟೆಂಟ್ ಮತ್ತು ಮಾಧ್ಯಮ ಸೇವೆಗಳೂ ಇವೆ. ಕಾರ್ಮಿಕರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಕರಾರು ಇರಬೇಕು, ಮುರಿದ ಹಣಕ್ಕೆ ಕಾರಣ ತಿಳಿಸಬೇಕು, ಕೆಲಸದಿಂದ ತೆಗೆಯುವ ಮೊದಲು 14 ದಿನದ ನೋಟಿಸ್ ಕೊಡಬೇಕು, ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಕಟ್ಟಬೇಕು ಎಂಬುದು ಅದರ ಸಾರ. ಅಶ್ಲೀಲವೆಂದು ಕಾನೂನು ಹೇಳುವ ಕೆಲಸ ಇದರೊಳಗೆ ಬರಲಾರದು. ಆದರೆ ನಿಮಿಷದ ಲೆಕ್ಕದಲ್ಲಿ ಹೆಣ್ಣುಮಕ್ಕಳಿಂದ ಮಾತಾಡಿಸುವ ಆ್ಯಪ್‌ಗಳು ಕಾನೂನಿನ ಪ್ರಕಾರವೇ ನಡೆಯುತ್ತಿವೆ, ಜಾಹೀರಾತನ್ನೂ ಕನ್ನಡದಲ್ಲೇ ಕೊಡುತ್ತಿವೆ. ಕರೆ ಮಾಡಿದವನಿಂದ ನಿಮಿಷಕ್ಕೆ ಎಷ್ಟು ವಸೂಲಿ ಮಾಡುತ್ತೀರಿ, ಉತ್ತರಿಸಿದವಳಿಗೆ ಎಷ್ಟು ಕೊಡುತ್ತೀರಿ, ಅವನು ಅಸಭ್ಯವಾಗಿ ಮಾತಾಡಿದಾಗ ಕರೆ ಕತ್ತರಿಸಿದರೆ ಅವಳ ಹಣ ಮುರಿಯುತ್ತೀರೋ ಇಲ್ಲವೋ ಎಂದು ಕಾರ್ಮಿಕ ಇಲಾಖೆ ಅವರನ್ನು ಕೇಳಲು ಹೊಸ ಕಾನೂನೇನೂ ಬೇಕಿಲ್ಲ. ಭದ್ರಾವತಿಯ ಒಂದು ಮನೆಯಿಂದ ಒಬ್ಬ ಹೆಣ್ಣುಮಗಳು ಅರ್ಜಿ ಹಾಕಿದರೂ ಸಾಕು, ಆ ಆ್ಯಪಿನ ಲೆಕ್ಕ ಕೇಳಲು ದಾರಿಯಾಗುತ್ತದೆ.